ಎಮ್ಮೆಗೆ ಹೇಳುವ ಮಾತು

ರಾಣೆಬೆನ್ನೂರಿನ ಹಲಗೇರಿ ರಸ್ತೆಯ ಒಂದು ಓಣಿಯಲ್ಲಿ, ಮಾಲತೇಶಪ್ಪನವರ ಮನೆಯ ಅಂಗಳದಲ್ಲಿ, ಒಂದು ಎಮ್ಮೆ ಇತ್ತು. ಹಾಲು ಅಷ್ಟಕ್ಕಷ್ಟೇ. ಆದರೂ ಅದನ್ನು ಮಾರುವ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎಮ್ಮೆ ಹೋದರೆ ಮಾವ ಸೊಸೆ ಮಾತಾಡುವುದು ಹೇಗೆ?

ನಗಬೇಡಿ, ಆ ಮನೆಯ ಪದ್ಧತಿಯೇ ಹಾಗಿತ್ತು. ಸೊಸೆಯಾದವಳು ಮಾವನ ಮುಂದೆ ತಲೆಯ ಮೇಲೆ ಸೆರಗು ಹೊದ್ದುಕೊಳ್ಳಬೇಕು, ಎದುರು ನಿಂತು ಮಾತಾಡಬಾರದು. ಸುರೇಖಾ ಐರಣಿಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಗುತ್ತೆವ್ವ ಇದ್ದಳು. ಸೊಸೆಯ ಮಾತು ಮಾವನಿಗೆ, ಮಾವನ ಮಾತು ಸೊಸೆಗೆ ಆಕೆಯ ಬಾಯಿಂದಲೇ ಹೋಗಿ ಬರುತ್ತಿತ್ತು. ನಡುವೆ ಆಕೆಯ ಸ್ವಂತದ ಒಗ್ಗರಣೆಯೂ ಬೀಳುತ್ತಿತ್ತು. ಆ ಗುತ್ತೆವ್ವ ಹೊಟ್ಟೆನೋವೆಂದು ಹುಬ್ಬಳ್ಳಿಯ ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಸುರೇಖಾಳ ಗಂಡ ಮಾಂತೇಶ ಟೆಂಪೋ ಓಡಿಸುವವನು. ಸುಗ್ಗಿ ಬಂತೆಂದರೆ ಬ್ಯಾಡಗಿಯ ಮೆಣಸಿನಕಾಯಿ ಹೇರಿಕೊಂಡು ಊರೂರು ತಿರುಗುತ್ತಿದ್ದ, ಮನೆಯಲ್ಲಿ ಸಿಗುವುದೇ ಅಪರೂಪ. ಒಂದು ಕೂಸಾದರೂ ಇದ್ದಿದ್ದರೆ "ಅಜ್ಜಾಗ ಉಣ್ಣಾಕ ಕರಿ" ಎಂದು ಅದರ ಮೂಲಕ ಹೇಳಿಸಬಹುದಿತ್ತು, ಅದೂ ಇನ್ನೂ ಆಗಿರಲಿಲ್ಲ. ಹೀಗಾಗಿ ಮಾತೆಲ್ಲ ಎಮ್ಮೆಯ ಪಾಲಿಗೆ ಬಂತು.

"ಚಾ ಆಗೇತಿ, ಆರಿ ಹೊಂಟೇತಿ," ಎಂದು ಸುರೇಖಾ ಎಮ್ಮೆಗೆ ಮೇವು ಹಾಕುತ್ತ ಹೇಳುವಳು.

"ಬಂದೆ, ಮಾರಿ ತೊಳಕೊಂಡು ಬರ್ತೇನಿ," ಎಂದು ಕಟ್ಟೆಯ ಮೇಲೆ ಕುಳಿತ ಮಾಲತೇಶಪ್ಪ ಎಮ್ಮೆಗೇ ಉತ್ತರ ಕೊಡುವರು.

ಇದರಲ್ಲಿ ಸಿಟ್ಟು ಸೆಡವು ಏನೂ ಇರಲಿಲ್ಲ. ಒಮ್ಮೆ ಸುರೇಖಾಳಿಗೆ ಜ್ವರ ಬಂದಿತ್ತು. ಮಾಲತೇಶಪ್ಪ ಎಮ್ಮೆಯ ಬೆನ್ನು ತಟ್ಟುತ್ತ, "ಜ್ವರ ಇದ್ದಾಗ ತಣ್ಣೀರಾಗ ಕೈ ಹಾಕಬಾರದು. ಬಾಂಡೆ ಹಾಂಗ ಇರ್ಲಿ," ಎಂದರು. ಆಕೆ ಒಂದು ನಿದ್ದೆ ಮಾಡಿ ಎದ್ದು ಬರುವಷ್ಟರಲ್ಲಿ ಪಾತ್ರೆಗಳೆಲ್ಲ ತಿಕ್ಕಿ ಬೋರಲು ಹಾಕಿದ್ದವು. ತಿಕ್ಕಿದ್ದು ಎಮ್ಮೆಯಂತೂ ಅಲ್ಲ.

ಮಾಲತೇಶಪ್ಪನವರು ಊರಾಚೆಯ ಒಂದು ಬೀಜದ ಕಂಪನಿಯಲ್ಲಿ ಪ್ಯಾಕಿಂಗ್ ಹಾಲ್‌ನ ಸೂಪರ್‌ವೈಸರ್. ಹೊಲಗಳಿಂದ ಬಂದ ಗೋವಿನಜೋಳದ ಬೀಜವನ್ನು ಹಸನು ಮಾಡಿ, ಔಷಧಿ ಹಚ್ಚಿ, ಪೊಟ್ಟಣ ಕಟ್ಟಿ ಊರೂರಿಗೆ ಕಳಿಸುವ ಕೆಲಸ. ಗುತ್ತೆವ್ವ ಹೋದ ಮೇಲೆ ಸೊಸೆ ಒಬ್ಬಳೇ ಮನೆಯಲ್ಲಿ ಗೋಡೆ ನೋಡುತ್ತ ಕೂಡುವುದನ್ನು ಕಂಡು, "ಕಂಪನ್ಯಾಗ ಹೆಣ್ಮಕ್ಕಳು ಬೇಕಾಗ್ಯಾರ," ಎಂದು ಒಂದು ಮುಂಜಾನೆ ಅವರು ಎಮ್ಮೆಗೆ ಸುದ್ದಿ ಹೇಳಿದರು. ಮರುದಿನದಿಂದ ಸುರೇಖಾ ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಹೊರಟಳು. ಹಮಾಲ ಜಹಾಂಗೀರ ಹೊತ್ತು ತಂದ ಚೀಲದ ಬಾಯಿಯ ದಾರ ಬಿಚ್ಚಿ, ಔಷಧಿ ಹಚ್ಚುವ ಡ್ರಮ್ಮಿಗೆ ಬೀಜ ಸುರಿಯುವುದು ಆಕೆಯ ಕೆಲಸ. ಬಗಲಿಗೆ ಮಹಮೂದಾಬೇಗಂ ಇರುತ್ತಿದ್ದಳು. ಅವಳು ಹಳೆಯ ಕೆಲಸದವಳು, ಬಾಯಿ ಸುಮ್ಮನಿದ್ದರೆ ಹಲ್ಲು ನೋಯುತ್ತವೆ ಎನ್ನುವ ಪೈಕಿ.

ಆದರೆ ಆ ಹಾಲ್‌ನಲ್ಲಿ ಮಹಮೂದಾಬೇಗಮಳ ಬಾಯಿಯೂ ಪಿಸುಮಾತಿಗೆ ಇಳಿಯುತ್ತಿತ್ತು. ಮಾಲತೇಶಪ್ಪನವರದು ಒಂದೇ ಮಂತ್ರ: "ಕೈ ನಡೀಲಿ, ಬಾಯಿ ನಿಲ್ಲಲಿ." ಯಾರಾದರೂ ಏನಾದರೂ ಕೇಳಲು ಹೋದರೆ "ಹೇಳಿದಷ್ಟು ಮಾಡ್ರಿ. ಮಾತು ಬೆಳ್ಳಿ, ಮೌನ ಬಂಗಾರ," ಎನ್ನುವರು. ಅಲ್ಲಿ ದುಡಿಯುವ ಎಷ್ಟೋ ಹೆಣ್ಣುಮಕ್ಕಳಿಗೆ ಕಿವಿಯಲ್ಲಿ ಇಡಲು ಚೂರು ಬಂಗಾರವಿರಲಿಲ್ಲ. ಈ ಬಂಗಾರ ಮಾತ್ರ ದಿನಾ ಬೇಕಾದಷ್ಟು ಸಿಗುತ್ತಿತ್ತು. ಮನುಷ್ಯ ಕೆಟ್ಟವರಲ್ಲ. ಹೆರಿಗೆಗೆ ಹೋದವಳ ಜಾಗ ಕಾಯ್ದಿಡುವರು, ಬಸ್ಸು ತಪ್ಪಿ ತಡವಾಗಿ ಬಂದವಳನ್ನು ಗದರಿಸಿದಂತೆ ಮಾಡಿ ಒಳಗೆ ಬಿಡುವರು. ಮನೆಯಲ್ಲಿ ಹೇಗೋ ಕಂಪನಿಯಲ್ಲೂ ಹಾಗೆ, ಅಷ್ಟೇ. ಹಿರಿಯರು ನೋಡಿಕೊಳ್ಳುತ್ತಾರೆ, ಉಳಿದವರು ಸುಮ್ಮನಿರಬೇಕು.

ಆ ವರ್ಷ, ಎರಡು ಸಾವಿರದ ಐದು ಕಳೆದು ಆರು ಹುಟ್ಟುವ ಚಳಿಗಾಲದಲ್ಲಿ, ಸುರೇಖಾಳಿಗೆ ಒಂದು ವಿಷಯ ಗೊತ್ತಾಯಿತು. ಮಾವನ ಕಣ್ಣು ಮಸುಕಾಗುತ್ತಿದ್ದವು. ಚೊಂಬಿಗೆ ಸುರಿಯಬೇಕಾದ ನೀರು ಪಕ್ಕದ ನೆಲಕ್ಕೆ ಸುರಿಯುತ್ತಿತ್ತು. ಅಂಗಿ ತಿರುವುಮುರುವಾಗಿ ಬರುತ್ತಿತ್ತು. ಒಂದು ಸಂಜೆ ಓಣಿಯ ವಿದ್ಯುತ್ ಕಂಬಕ್ಕೆ ಅವರು "ಯಾರ್ರಿ ಅದು, ಬರ್ರಿ ಕುಂದ್ರಿ," ಎಂದು ಕರೆದದ್ದನ್ನು ಕೇಳಿ ಆಕೆಗೆ ಮೊದಲು ನಗು ಬಂತು, ಆಮೇಲೆ ಬಂದ ನಗು ಅಲ್ಲೇ ನಿಂತಿತು.

ಯಾರಿಗೆ ಹೇಳುವುದು? ಗಂಡನಿಗೆ ಹೇಳಿದಳು. ಮಾಂತೇಶ ತಲೆ ಕೆರೆದುಕೊಂಡ.

"ಅಪ್ಪಗ ಯಾರು ಹೇಳಬೇಕು? ನಾನಾ? ಮೀಸಿ ಬಂದಾಗಿನಿಂದ ಅಪ್ಪನ ಮುಂದ ಕುಂತು ಮಾತಾಡೇ ಇಲ್ಲ ನಾನು. ನಿನಗರ ಎಮ್ಮಿ ಐತಿ, ನನಗ ಅದೂ ಇಲ್ಲ," ಎಂದು ಟೆಂಪೋ ಹತ್ತಿ ಹೋದ.

ಸರಿ, ಎಮ್ಮೆಗೇ ಹೇಳಿದಳು. "ಹಾವೇರ್ಯಾಗ ಕಣ್ಣಿನ ದವಾಖಾನಿ ಐತಂತ. ಪೊರಿ ತಗದ್ರ ಮೊದಲಿನಂಗ ಕಾಣತಾವಂತ."

ಮಾಲತೇಶಪ್ಪ ಕಟ್ಟೆಯಿಂದ ಇಳಿದು ಎಮ್ಮೆಯ ಕೊರಳು ತುರಿಸಿದರು. ಆಮೇಲೆ ಅದಕ್ಕೇ ಹೇಳಿದರು: "ದವಾಖಾನಿಗೆ ಹೋದಾಕಿ ಒಬ್ಬಾಕಿ ಹೋದ್ಲಲ್ಲ. ಅಷ್ಟು ಸಾಕು ಈ ಮನಿಗೆ."

ಸುರೇಖಾ ಮತ್ತೆ ಆ ಮಾತು ಎತ್ತಲಿಲ್ಲ. ತನ್ನ ಕೈಲಾದದ್ದನ್ನು ಮಾಡುತ್ತ ಹೋದಳು. ಚೊಂಬು, ಚಪ್ಪಲಿ, ಟವೆಲು ಎಲ್ಲವೂ ದಿನಾ ಇಟ್ಟಲ್ಲೇ ಇರುವಂತೆ ನೋಡಿಕೊಂಡಳು. ಕಾಲಿಗೆ ತೊಡರುವ ಒರಳುಕಲ್ಲನ್ನು ಉರುಳಿಸಿ ಮೂಲೆಗೆ ತಳ್ಳಿದಳು. ಹೊಸ್ತಿಲ ಅಂಚಿಗೆ ದಪ್ಪಗೆ ಸುಣ್ಣ ಬಳಿದಳು, ಮಬ್ಬುಗಣ್ಣಿಗೂ ಬೆಳ್ಳಗೆ ಕಾಣಲೆಂದು. ಓಣಿಯವರು ಯಾವ ಹಬ್ಬ ಎಂದು ಕೇಳಿದರೆ ಇರುವೆ ಬರುತ್ತವೆ ಎಂದು ಹೇಳಿ ಸಾಗಹಾಕಿದಳು. ಮಾವನ ಮರ್ಯಾದೆಯನ್ನು ಹೀಗೆ ಸೆರಗಿನ ಮರೆಯಲ್ಲಿ ಕಾಯುವುದರಲ್ಲಿ ಆಕೆಗೆ ಒಂದು ಸುಖವೂ ಇತ್ತು, ಸುಳ್ಳು ಯಾಕೆ ಹೇಳಬೇಕು.

ಕಂಪನಿಯಲ್ಲಿ ಅವರು ಹೇಗೆ ನಿಭಾಯಿಸುತ್ತಿದ್ದಾರೆಂಬುದೂ ಆಕೆಗೆ ತಿಳಿಯುತ್ತಿತ್ತು. ಹಾಲ್‌ನ ಹಿಂದಿನ ಗೋದಾಮಿನಲ್ಲಿ ಚೀಲಗಳ ಎರಡು ಒಟ್ಟಿಲು. ಮೊಳಕೆ ಪರೀಕ್ಷೆಯಲ್ಲಿ ಪಾಸಾದ ಬೀಜದ ಚೀಲಗಳಿಗೆ ಹಸಿರು ದಾರ, ಅವು ಗೋಡೆಯ ಕಡೆ. ಫೇಲಾದವುಗಳಿಗೆ ಮೊದಲೆಲ್ಲ ಕೆಂಪು ದಾರ ಕಟ್ಟುತ್ತಿದ್ದರು. ಆ ವರ್ಷ ಕೆಂಪು ಸಿಗಲಿಲ್ಲವೆಂದು ನೀಲಿ ತಂದಿದ್ದರು, ಅವು ಬಾಗಿಲ ಕಡೆ. ಮಾಲತೇಶಪ್ಪನವರ ಕಣ್ಣಿಗೆ ಹಸಿರೂ ಒಂದೇ ನೀಲಿಯೂ ಒಂದೇ. ಆದರೆ ಯಾವ ಒಟ್ಟಿಲು ಎಲ್ಲಿದೆಯೆಂದು ತಲೆಯಲ್ಲಿತ್ತು. "ಗ್ವಾಡಿ ಕಡೇವು ತಾ," ಎಂದು ಜಹಾಂಗೀರನಿಗೆ ಬೆರಳು ತೋರಿಸಿದರೆ ಮುಗಿಯಿತು.

ಮೇ ತಿಂಗಳ ಒಂದು ಸಂಜೆ ಗುಡುಗು ಸಿಡಿಲಿನ ಅಡ್ಡಮಳೆ ಬಂತು. ಗೋದಾಮಿನ ಚಾವಣಿಯ ತಗಡು ಗೋಡೆಯ ಕಡೆಗೆ ಸೋರಿತು. ಕಾವಲುಗಾರರು ಸೇರಿ ಒಳ್ಳೆಯ ಬೀಜ ನೆನೆಯದಿರಲೆಂದು ಹಸಿರು ದಾರದ ಚೀಲಗಳನ್ನೆಲ್ಲ ಬಾಗಿಲ ಕಡೆಗೆ ಎಳೆದು, ಅಲ್ಲಿದ್ದ ನೀಲಿಯವನ್ನು ಗೋಡೆಯ ಕಡೆಗೆ ಒಟ್ಟಿದರು. ಒಳ್ಳೆಯ ಕೆಲಸವೇ ಮಾಡಿದರು. ಮರುದಿನ ಮುಂಜಾನೆ ಅದನ್ನು ಮಾಲತೇಶಪ್ಪನವರಿಗೆ ಯಾರೂ ಹೇಳಲಿಲ್ಲ, ಅಷ್ಟೇ. ಕಣ್ಣಿದ್ದವರಿಗೆ ಅದನ್ನೇನು ಹೇಳುವುದು?

ಅಂದು ಜಹಾಂಗೀರ ತಂದು ಇಳಿಸಿದ ಮೊದಲ ಚೀಲದ ದಾರ ಬಿಚ್ಚಿದಾಗ ಸುರೇಖಾಳ ಬೆರಳಿಗೆ ನೀಲಿ ದಾರ ಸುತ್ತಿಕೊಂಡಿತು. ಎರಡನೆಯದೂ ನೀಲಿ. ಮೂರನೆಯದೂ ನೀಲಿ. ಆಕೆ ತಿರುಗಿ ನೋಡಿದಳು. ಮಾವ ಎಂದಿನಂತೆ ಗೋಡೆಯ ಕಡೆಗೆ ಬೆರಳು ತೋರಿಸುತ್ತ ನಿಂತಿದ್ದರು.

ಏನು ಮಾಡಿದಳು ಗೊತ್ತೇ? ಮನೆಯಲ್ಲಿ ಮಾಡುವುದನ್ನೇ ಮಾಡಿದಳು. ಡ್ರಮ್ಮಿನ ಕಡೆ ಮುಖ ಮಾಡಿ, ಮಾವನಿಗೆ ಕೇಳುವಷ್ಟು ಗಟ್ಟಿಯಾಗಿ, "ನೀಲಿ ದಾರದ ಚೀಲ ಇತ್ಲಾಗ ಬಂದಾವಲ್ಲ, ಏನರ ತಪ್ಪೇತಿ," ಎಂದಳು. ಎಮ್ಮೆ ಕೇಳಿಸಿಕೊಂಡು ಸುಮ್ಮನಿರುತ್ತಿತ್ತು. ಡ್ರಮ್ಮು ಗಡಗಡ ತಿರುಗುತ್ತಿತ್ತು. ಮಾವನಿಗೆ ಒಂದಕ್ಷರವೂ ಮುಟ್ಟಲಿಲ್ಲ. ಮಹಮೂದಾಬೇಗಂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

"ಯಾರ ಕೂಡ ಮಾತಾಡಾಕತ್ತೀಯವ್ವಾ? ಡ್ರಮ್ಮಿನ ಕೂಡ?"

"ಬೇಗಂ, ಈ ದಾರ ನೋಡು. ನೀಲಿ."

"ನಾನೂ ನೋಡೇನಿ ಬಿಡು. ಮತ್ತೊಮ್ಮೆ ಟೆಸ್ಟ್ ಮಾಡಿ ಪಾಸ್ ಮಾಡಿರ್ತಾರ. ಸಾಹೇಬ್ರು ಕಣ್ಣಾರೆ ನೋಡಿ ತೋರ್ಸಾಕತ್ತಾರಲ್ಲ, ನಮಗೇನು?"

ಜಹಾಂಗೀರನೂ ಅದನ್ನೇ ಹೇಳಿದ. "ರಾತ್ರಿ ಮಳಿಗೆ ಒಟ್ಟಿಲು ಅದಲಿ ಬದಲಿ ಮಾಡ್ಯಾರ, ಸಾಹೇಬ್ರಿಗೆ ಗೊತ್ತಿರ್ತೈತಿ. ತೋರಿಸಿದ್ದು ಹೊರೂದು ನನ್ನ ಕೆಲಸ. ಹೋದ ತಿಂಗಳ ಒಂದು ಮಾತು ಕೇಳಿ ಬೈಸಿಕೊಂಡೇನಿ, ಸಾಕು."

ಹಾಲ್‌ನಲ್ಲಿದ್ದ ಎಲ್ಲರಿಗೂ ನೀಲಿ ದಾರ ಕಂಡಿತ್ತು. ಕಾಣದೆ ಇದ್ದದ್ದು ತೋರಿಸುವವರೊಬ್ಬರಿಗೇ. ಅದು ಗೊತ್ತಿದ್ದದ್ದು ಸುರೇಖಾಳೊಬ್ಬಳಿಗೇ, ಅದೂ ಕೆಲಸಕ್ಕೆ ಬಂದು ತಿಳಿದದ್ದಲ್ಲ, ಮನೆಯಲ್ಲಿ ಚೊಂಬಿನಲ್ಲಿ ನೀರು ಇಡುತ್ತ ತಿಳಿದದ್ದು.

ಮಧ್ಯಾಹ್ನದ ಹೊತ್ತಿಗೆ ಪೊಟ್ಟಣಗಳು ಪೆಟ್ಟಿಗೆ ಸೇರಿದವು. ಗುತ್ತಲದ ಅಂಗಡಿಗೆ ಹೋಗುವ ಲಾರಿ ಹಿಮ್ಮುಖವಾಗಿ ಬಂದು ಬಾಗಿಲಿಗೆ ನಿಂತಿತು. ಸುರೇಖಾ ಡಬ್ಬಿ ತೆರೆದಳು, ರೊಟ್ಟಿ ಮುರಿದಳು, ಹಾಗೇ ಮತ್ತೆ ಡಬ್ಬಿಗೆ ಹಾಕಿದಳು. ಹೇಳಿದರೆ ಇಷ್ಟು ದಿನ ಸುಣ್ಣ ಬಳಿದು ಕಾಯ್ದ ಗುಟ್ಟು ಹತ್ತು ಮಂದಿಯ ಬಾಯಿಗೆ ಬೀಳುತ್ತದೆ. ಸೊಸೆಯೇ ಮಾವನ ಕುರ್ಚಿ ಎಳೆದಳು ಎನ್ನುತ್ತಾರೆ, ಎನ್ನದೆ ಬಿಡುತ್ತಾರೆಯೇ? ಹೇಳದಿದ್ದರೆ ಆ ಪೊಟ್ಟಣಗಳು ಗುತ್ತಲದಿಂದ ಹೊಳೆಯ ದಂಡೆಯ ಊರುಗಳಿಗೆ ಹೋಗುತ್ತವೆ. ಐರಣಿಯಲ್ಲಿ ಒಂದು ವರ್ಷ ಬಿತ್ತಿದ ಬೀಜ ಹುಟ್ಟದೆ, ತನ್ನ ತವರಿನ ಅಪ್ಪ ದಿನಾ ಮುಂಜಾನೆ ಹೊಲಕ್ಕೆ ಹೋಗಿ ಬಗ್ಗಿ ಬಗ್ಗಿ ಮಣ್ಣು ನೋಡಿ ಬರುತ್ತಿದ್ದದ್ದು ಆಕೆಗೆ ನೆನಪಿತ್ತು. ಇಂದು ಮಳೆ ಹದವಾಗಿದೆ, ನಾಳೆ ಕಾಣುತ್ತದೆ ನೋಡು ಎಂದು ಆತ ತಾನೇ ಹೇಳಿಕೊಳ್ಳುತ್ತಿದ್ದ. ಪಕ್ಕದ ಹೊಲದಲ್ಲಿ ಹಸಿರು ಎದ್ದಿತ್ತು.

ಮನೆಯಲ್ಲಿ ಸುಮ್ಮನಿದ್ದದ್ದು ಪ್ರೀತಿಗೆ. ಇಲ್ಲಿ ಸುಮ್ಮನಿದ್ದರೆ ಅದಕ್ಕೆ ಏನು ಹೆಸರು ಇಡುವುದೋ ಆಕೆಗೆ ತಿಳಿಯಲಿಲ್ಲ.

ಲಾರಿಯ ಎಂಜಿನ್ ಶುರುವಾಯಿತು. ಸುರೇಖಾ ಎದ್ದಳು. ಕೈಯಲ್ಲಿ ನೀಲಿ ದಾರದ ಗೊಂಚಲು ಹಿಡಿದು ಮಾವನ ಕುರ್ಚಿಯ ಕಡೆ ಹೊರಟಳು. ಅರ್ಧ ದಾರಿಯಲ್ಲಿ ಒಂದು ಹೊಸ ಫಜೀತಿ. ಏನೆಂದು ಕರೆಯುವುದು? ನಾಲ್ಕು ವರ್ಷದಲ್ಲಿ ಆಕೆ ಅವರನ್ನು ಏನೆಂದೂ ಕರೆದಿರಲಿಲ್ಲ. ಉಳಿದವರಂತೆ "ಸಾಹೇಬ್ರ" ಎನ್ನಲು ನಾಲಿಗೆ ಏಳದು. "ಮಾವಾರ" ಎಂದು ಹತ್ತು ಮಂದಿಯೆದುರು ಕರೆಯಲು ಧೈರ್ಯ ಬಾರದು. ಎದುರು ಹೋಗಿ ನಿಂತಾಗ ಬಾಯಿಂದ ಬಂದದ್ದು ತವರುಮನೆಯ ಮಾತು.

"ಯಪ್ಪಾ."

ಮಾಲತೇಶಪ್ಪ ತಲೆ ಎತ್ತಿದರು. ಧ್ವನಿ ಯಾರದೆಂದು ಗೊತ್ತಾಗಿ ಮುಖ ಗಂಟಿಕ್ಕಿತು.

"ಆ ಚೀಲದ ದಾರ ನೀಲಿ ಅದಾವ್ರಿ. ಮಳಿ ಬಂತಂತ ಒಟ್ಟಿಲು ಅದಲಿ ಬದಲಿ ಮಾಡ್ಯಾರ. ಲಾರಿ ನಿಲ್ಲಿಸ್ರಿ," ಎಂದಳು, ಅವರಿಗೊಬ್ಬರಿಗೇ ಕೇಳುವಂತೆ.

"ಹಸರು ಅದಾವ. ನಾ ನೋಡೇನಿ. ನಿನ್ನ ಕೆಲಸ ನೋಡಿಕೋ ಹೋಗು."

ಸೊಸೆಗೆ ಅವರು ನೇರವಾಗಿ ಆಡಿದ ಮೊದಲ ಮಾತು ಅದು. ಸುರೇಖಾಳ ಕಣ್ಣು ತುಂಬಿದವು. ತಿರುಗಿ ಹೋಗಿಬಿಡೋಣ ಎನಿಸಿತು, ಕಾಲು ಕೇಳಲಿಲ್ಲ.

"ನಿಮಗ ಕಾಣವಲ್ಲದುರಿ. ನನಗ ಗೊತ್ತೈತಿ," ಎಂದಳು. "ಸಿಟ್ಟಾಗ್ರಿ, ಮನ್ಯಾಗ ಹೋಗಿ ಎಷ್ಟರ ಬೈರಿ. ಲಾರಿ ಮಾತ್ರ ಬಿಡಬ್ಯಾಡ್ರಿ. ಮಂದಿ ಇದನ್ನ ಬಿತ್ತತಾರ."

ಮಾಲತೇಶಪ್ಪ ಆಕೆಯ ಕೈಯಿಂದ ದಾರದ ಗೊಂಚಲು ತೆಗೆದುಕೊಂಡು ಕಣ್ಣಿನ ಹತ್ತಿರಕ್ಕೆ ತಂದರು. ಬಾಗಿಲ ಬೆಳಕಿಗೆ ಹಿಡಿದರು, ಮತ್ತೂ ಹತ್ತಿರ ತಂದರು. ಮೂಗಿಗೆ ತಾಗುವಷ್ಟು ಹತ್ತಿರ. ಆ ನೋಟವನ್ನು ಸುರೇಖಾಳಿಗೆ ನೋಡಲಾಗಲಿಲ್ಲ.

"ಹೊಸ್ತಿಲಿಗೆ ಸುಣ್ಣಾ ಬಳದಾಕಿ ನೀನಾ ಹೌದಿಲ್ಲೋ?" ಎಂದು ಅವರು ಮೆಲ್ಲಗೆ ಕೇಳಿದರು.

"ಹೂನ್ರಿ."

"ನಿನಗ ಗೊತ್ತಾಗೇತಿ ಅಂತ ಅವತ್ತಾ ತಿಳೀತು ನನಗ. ತಿಳಿದೂ ಸುಮ್ಮನಿದ್ದೆ. ನೀನೂ ಸುಮ್ಮನಿದ್ದಿ ಅಂತ ನಾನು, ನಾನೂ ಸುಮ್ಮನದೇನಿ ಅಂತ ನೀನು." ಇಷ್ಟು ಹೇಳಿ ಅವರು ಎದ್ದರು. ಲಾರಿಯ ಸದ್ದಿನ ಕಡೆಗೆ ಕೈ ಎತ್ತಿ, ಇಡೀ ಹಾಲ್‌ಗೆ ಕೇಳುವಂತೆ ಕೂಗಿದರು: "ಏ ಜಹಾಂಗೀರ, ಲಾರಿ ಬಂದ್ ಮಾಡಸು! ಮಾಲು ಇಳಿಸ್ರಿ!"

ಸದ್ದು ಕೇಳಿ ಮ್ಯಾನೇಜರ್ ಪ್ರವೀಣಕುಮಾರ ಓಡಿ ಬಂದ. ಇನ್ನೂ ಮದುವೆಯಾಗದ ಹುಡುಗ, ಮಾಲತೇಶಪ್ಪನವರ ಎದುರು ತಾನೂ ಸ್ವಲ್ಪ ತಗ್ಗಿಯೇ ಮಾತಾಡುತ್ತಿದ್ದ. ಏನಾಯಿತೆಂದು ಕೇಳಿದ.

"ಫೇಲ್ ಬೀಜ ಪ್ಯಾಕ್ ಮಾಡಿಸೇನ್ರಿ. ತಪ್ಪು ನಂದು. ಕಣ್ಣು ಹೋಗ್ಯಾವು, ಹೇಳಿದ್ದಿಲ್ಲ ನಾನು."

ಪ್ರವೀಣಕುಮಾರನ ಮುಖ ಬಿಳಿಚಿತು. "ಇಷ್ಟು ಮಂದಿ ಇದ್ದೀರಿ, ಒಬ್ಬರೂ ನೋಡ್ಲಿಲ್ಲ?" ಎಂದು ಹೆಂಗಸರ ಕಡೆ ತಿರುಗಿದ.

"ಅವರಿಗೆ ಏನೂ ಅನಬ್ಯಾಡ್ರಿ," ಎಂದರು ಮಾಲತೇಶಪ್ಪ. "ನೋಡಿದವ್ರು ಎಲ್ಲಾರೂ ನೋಡ್ಯಾರ. ಬಾಯಿ ಮುಚಗೋರಿ ಅಂತ ಕಲಿಸಿದಾಂವ ನಾನು. ಹೇಳಿದಾಕಿ ಈಕಿ ಒಬ್ಬಾಕಿ."

"ಯಾರು ಈಕಿ?"

"ನನ್ನ ಸೊಸಿ."

ಮಹಮೂದಾಬೇಗಂ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಪ್ರವೀಣಕುಮಾರ ಲಾರಿಯ ಕಡೆ ಒಮ್ಮೆ ನೋಡಿ, "ಮೊದಲ ಹೋಗಿ ಕಣ್ಣು ತೋರಿಸ್ಕೊರಿ. ಅಲ್ಲೀತನಕ ಕೆಲಸಕ್ಕ ಬರೂದು ಬ್ಯಾಡ. ಆಮ್ಯಾಲೆ ನೋಡೂಣು," ಎಂದ. 'ಆಮ್ಯಾಲೆ ನೋಡೂಣು' ಎಂದರೆ ಏನೆಂದು ದುಡಿಯುವವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಾಲತೇಶಪ್ಪ ತಲೆ ಅಲ್ಲಾಡಿಸಿದರು, ವಾದ ಮಾಡಲಿಲ್ಲ.

ಸಂಜೆಯವರೆಗೆ ಎಲ್ಲರೂ ಕೂತು ಪೊಟ್ಟಣಗಳನ್ನು ಕತ್ತರಿಸಿ ಬೀಜವನ್ನು ಮತ್ತೆ ಚೀಲಕ್ಕೆ ಸುರಿದರು. ಕಟ್ಟುವಾಗ ಇಲ್ಲದ ಮಾತು ಬಿಚ್ಚುವಾಗ ಬಂತು. ಗೋದಾಮಿನ ಮೂಲೆಯ ದೀಪ ಉರಿಯುವುದಿಲ್ಲವೆಂದು ಒಬ್ಬಳು, ಡ್ರಮ್ಮಿನ ಮುಚ್ಚಳ ಬೆರಳು ಕಚ್ಚುತ್ತದೆಂದು ಇನ್ನೊಬ್ಬಳು ಹೇಳಿದಳು. ಮಾಲತೇಶಪ್ಪ ಅವರ ನಡುವೆ ಒಂದು ಪೆಟ್ಟಿಗೆಯ ಮೇಲೆ ಕುಳಿತು ಕೇಳುತ್ತಲೇ ಇದ್ದರು. ಸುರೇಖಾ ಮಾತ್ರ ತಲೆ ಎತ್ತಲಿಲ್ಲ. ಒಳ್ಳೆಯದು ಮಾಡಿದೆನೆಂದು ಆಕೆಗೆ ಗೊತ್ತಿತ್ತು. ಆ ಮುದುಕನಿಗೆ ಇದ್ದದ್ದೊಂದು ಕುರ್ಚಿ, ಅದನ್ನು ಕಸಿದೆನೆಂದೂ ಅನಿಸುತ್ತಿತ್ತು. ಎರಡನ್ನೂ ಒಟ್ಟಿಗೆ ಹೊತ್ತು ಆಕೆ ಪೊಟ್ಟಣ ಕತ್ತರಿಸುತ್ತಲೇ ಹೋದಳು.

ಕೆಲಸ ಬಿಟ್ಟಾಗ ಹೊತ್ತು ಮುಳುಗುತ್ತಿತ್ತು. ಮಾವ ಮುಂದೆ, ಸೊಸೆ ಹಿಂದೆ ನಡೆದರು. ಮನೆಗೆ ಹೋಗಬೇಕೆಂದರೆ ಪಿ.ಬಿ. ರಸ್ತೆ ಎನ್ನುವ ಹೆದ್ದಾರಿ ದಾಟಬೇಕು. ಆ ಹೊತ್ತಿನಲ್ಲಿ ದಾವಣಗೆರೆ ಕಡೆಯಿಂದ, ಹಾವೇರಿ ಕಡೆಯಿಂದ ಲಾರಿಗಳು ದೀಪ ಉರಿಸಿಕೊಂಡು ಒಂದರ ಬೆನ್ನಿಗೆ ಒಂದು ಬರುತ್ತವೆ. ಮಾಲತೇಶಪ್ಪ ರಸ್ತೆಯ ಅಂಚಿಗೆ ಬಂದು ನಿಂತರು. ಸುರೇಖಾ ನಾಲ್ಕು ಮಾರು ಹಿಂದೆ ನಿಂತಳು.

"ಇಷ್ಟು ದಿನಾ ಸಪ್ಪಳಾ ಕೇಳಿ ದಾಟತಿದ್ದೆ," ಎಂದರು ಅವರು, ಮುಂದೆ ನೋಡುತ್ತಲೇ. "ಖರೇ ಹೇಳಬೇಕಂದ್ರ ದಿನಾ ಜೀವಾ ಕೈಯಾಗ ಹಿಡಕೊಂಡು ದಾಟತಿದ್ದೆ. ಯಾರ ಮುಂದನೂ ಅಂದಿದ್ದಿಲ್ಲ."

ಸುರೇಖಾ ಮುಂದೆ ಬಂದು ಅವರ ಬೆನ್ನ ಹಿಂದೆಯೇ ನಿಂತಳು.

"ಹಾವೇರಿಗೆ ಹೋಗೂಣು. ನನಗ ಅಂಜಿಕಿ ಐತಿ. ನೀ ಕೂಡ ಬರತೀಯೇನು?"

"ಬರ್ತೇನ್ರಿ."

ಅವರು ತಿರುಗಲಿಲ್ಲ. ಬಲಗೈಯನ್ನು ಹಿಂದಕ್ಕೆ ಚಾಚಿ ಹಾಗೇ ಹಿಡಿದರು. ಬೀಜದ ಔಷಧಿಯ ವಾಸನೆಯ, ಗಂಟು ಗಂಟಾದ ಕೈ. ಮಾವನ ಕೈ ಮುಟ್ಟುವುದು ಆ ಮನೆಯಲ್ಲಿ ಇರಲಿಲ್ಲ. ಸುರೇಖಾ ಅತ್ತಿತ್ತ ನೋಡಲಿಲ್ಲ, ಹಿಡಿದುಕೊಂಡಳು.

"ನನಗೇನೂ ಕಾಣಾಂಗಿಲ್ಲ," ಎಂದರು ಮಾಲತೇಶಪ್ಪ. "ನೀ ಹೇಳಿದಾಗ ದಾಟೂಣು. ಗಟ್ಟಿಯಾಗಿ ಹೇಳು."

ಒಂದು ಲಾರಿ ಹೋಯಿತು, ಅದರ ಹಿಂದೆ ಬಸ್ಸು. "ತಡೀರಿ," ಎಂದಳು. ಅವರು ನಿಂತರು. ಇನ್ನೊಂದು ಟ್ರ್ಯಾಕ್ಟರು ಗಡಗಡ ಬಂತು. "ಇನ್ನೂ ತಡೀರಿ," ಎಂದಳು. ಯಾರ ಮಾತನ್ನೂ ಕೇಳಿ ಗೊತ್ತಿಲ್ಲದ ಮನುಷ್ಯ ಸೊಸೆಯ ಕೈ ಹಿಡಿದು, ಶಾಲೆಯಲ್ಲಿ ಪ್ರಾರ್ಥನೆಗೆ ನಿಂತವರಂತೆ ನೆಟ್ಟಗೆ ನಿಂತಿದ್ದರು.

ರಸ್ತೆ ಖಾಲಿಯಾಯಿತು. ಸುರೇಖಾ ಎರಡೂ ಕಡೆ ನೋಡಿದಳು.

"ಈಗ ನಡೀರಿ!" ಎಂದು ಕೂಗಿದಳು. ಅವರು ತಡಮಾಡದೆ ಕಾಲು ಎತ್ತಿ ಇಟ್ಟರು.